ಉಡಿಯಲ್ಲಿ ತಂದ ಮನೆ

ನಿಮ್ಮ ಮನೆ ಕೊಳೆತಿರಲಿಲ್ಲ, ಗಿರಿಜಕ್ಕ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಅಡುಗೆಮನೆಯಲ್ಲಿ ಕೂತು, ನೀವು ಮಾಡಿಕೊಟ್ಟ ಚಹಾ ಕುಡಿಯುತ್ತ, ನಿಮಗೆ ಸುಳ್ಳು ಹೇಳಿದೆ. ಮೂರು ವಾರದ ಮೇಲೆ ಬ್ಯಾಂಕು ಆ ಮನೆಯನ್ನು ಹರಾಜು ಹಾಕಿದಾಗ ಕೊಂಡವರು ನಾವೇ — ನಾನು ಮತ್ತು ನನ್ನ ಗಂಡ ಪ್ರಕಾಶ. ನಿಮಗೆ ಬಂದ ಕಾಗದದಲ್ಲಿ ಯಾವುದೋ ಟ್ರಸ್ಟಿನ ಹೆಸರಿತ್ತಲ್ಲ, ಆ ಟ್ರಸ್ಟು ಅಂದರೆ ನಾವಿಬ್ಬರೇ. ಆ ಹೆಸರು ಆರಿಸಿದವಳೂ ನಾನೇ.

ಇಷ್ಟು ಬರೆದು ಎದ್ದು ಹೋಗಿ ಸಿಂಕಿನಲ್ಲಿದ್ದ ಪಾತ್ರೆಯನ್ನೆಲ್ಲ ತೊಳೆದು ಬಂದೆ. ನಾಲ್ಕು ವರ್ಷದಿಂದ ಇದೇ ಆಗಿದೆ. ಶುರು ಮಾಡುವುದು, ಏಳುವುದು, ಏನೋ ಕೆಲಸ ಹುಡುಕಿಕೊಳ್ಳುವುದು. ಹೋದ ತಿಂಗಳು ನಿಮ್ಮ ಈಗಿನ ಊರು ಪೊರಿರುವಾದಲ್ಲಿ ನೀವು ನನ್ನ ಕೈ ಹಿಡಿದು ಒಂದು ಮಾತು ಹೇಳಿದಿರಿ. ಅದಾದ ಮೇಲೆ ತೊಳೆಯಲು ಪಾತ್ರೆ ಸಾಲುತ್ತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಶನಿವಾರ.

ಎರಡು ಸಾವಿರದ ಹದಿನಾಲ್ಕರ ಬೇಸಿಗೆ. ಆಗ ನಾವು ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಪ್ರಕಾಶನಿಗೆ ಪೆನ್‌ರೋಸ್‌ನ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವಳು, ಈ ಪರದೇಶದಲ್ಲಿ ಮನೆ ಕೊಳ್ಳುವವರ ಪರವಾಗಿ ಮನೆ ಪರೀಕ್ಷೆ ಮಾಡಿ ವರದಿ ಬರೆಯುತ್ತಿದ್ದೆ. ದಿನಾ ಬೇರೆಯವರ ಮನೆಗೆ ಯೋಗ್ಯತೆಯ ಪತ್ರ ಕೊಡುವವಳಿಗೆ ಸ್ವಂತದ್ದೊಂದು ಗೂಡಿಲ್ಲ. ಐದು ಹರಾಜಿಗೆ ಹೋಗಿ ಐದರಲ್ಲೂ ಸೋತು ಬಂದಿದ್ದೆವು. ಆಗ ಪ್ರಕಾಶ ಬ್ಯಾಂಕಿನವರು ಮಾರುವ ಮನೆಗಳ ಪಟ್ಟಿ ಹಿಡಿದುಕೊಂಡು ಬಂದ. ಕಂತು ಕಟ್ಟಲಾಗದವರ ಮನೆಯನ್ನು ಬ್ಯಾಂಕೇ ಹರಾಜು ಹಾಕುತ್ತದೆ. ಬ್ಯಾಂಕು ಯಾವುದಕ್ಕೂ ಜವಾಬ್ದಾರಿ ಹೊರುವುದಿಲ್ಲ. ಮನೆ ಹೇಗಿದೆಯೋ ಹಾಗೆ. ಎಷ್ಟೋ ಸಲ ಒಳಗಿರುವವರು ಬಾಗಿಲೇ ತೆರೆಯುವುದಿಲ್ಲ, ಒಳಗೆ ಏನಿದೆಯೆಂದು ನೋಡದೆಯೇ ಬೆಲೆ ಕೂಗಬೇಕು. ಅದಕ್ಕೇ ಅಗ್ಗ.

ಆ ಪಟ್ಟಿಯಲ್ಲಿ ಹೆಂಡರ್ಸನ್ ಬಡಾವಣೆಯ ನಿಮ್ಮ ಮನೆ ಇತ್ತು. ಒಳಗೆ ನೋಡಲು ಅವಕಾಶವಿಲ್ಲ ಎಂದು ಬರೆದಿತ್ತು. ನಾನು ಬೇರೆ ಕಡೆ ಪರೀಕ್ಷೆ ಮುಗಿಸಿ, ಕೆಲಸದ ಬೂಟಿನಲ್ಲೇ, ಹೊರಗಿನಿಂದಾದರೂ ನೋಡೋಣವೆಂದು ಬಂದೆ. ಬೀದಿಗೆ ತಿರುಗುತ್ತಲೇ ಆಸೆ ಬಿಟ್ಟೆ. ನಿಮ್ಮ ಎಡಗಡೆಯ ಎರಡು ಮನೆಗಳಿಗೆ ನೆತ್ತಿಯಿಂದ ಬುಡದವರೆಗೆ ಬಿಳಿ ಪ್ಲಾಸ್ಟಿಕ್ ಸುತ್ತಿ ರಿಪೇರಿ ಮಾಡುತ್ತಿದ್ದರು. ಹೊರಗೆ ನುಣ್ಣಗೆ ಗಾರೆ ಮೆತ್ತಿದ ಮನೆಗಳು, ಒಳಗೆ ಕಟ್ಟಿಗೆಯ ಚೌಕಟ್ಟು ನೀರು ಕುಡಿದು ಕೊಳೆತಿರುತ್ತದೆ. ಲೀಕಿ ಹೋಮ್ ಅಂದರೆ ಸಾಕು, ಈ ಊರಿನಲ್ಲಿ ಜನ ಕಾರು ನಿಲ್ಲಿಸದೆ ಮುಂದೆ ಹೋಗುತ್ತಿದ್ದರು. ನಿಮ್ಮ ಮನೆಗೂ ಅದೇ ಥರದ ಗಾರೆ, ಅದೇ ಬಣ್ಣ.

ನಾನೂ ಹೊರಟೇ ಬಿಟ್ಟಿದ್ದೆ. ಅಷ್ಟರಲ್ಲಿ ನಿಮ್ಮ ದನಿ ಕೇಳಿತು. ಹಿತ್ತಲಲ್ಲಿ ಮಗಳು ಜಿಗಿದಾಡುವ ಟ್ರ್ಯಾಂಪೊಲಿನ್ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಒಣಹಾಕಿದ್ದಿರಿ. ಕೈಯಲ್ಲಿ ಪೊರಕೆ ಹಿಡಿದು ಮೈನಾ ಹಕ್ಕಿಗಳನ್ನು ಓಡಿಸುತ್ತಿದ್ದಿರಿ.

“ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಾ ಏನ್ ನಿನಗ ಮಾಡಿಟ್ಟೀನೇನು?”

ಬೇಲಿಯ ಆಚೆ ನಿಂತು ನಕ್ಕುಬಿಟ್ಟೆ. ಬರೀ ಕನ್ನಡ ಕೇಳಿದ ಖುಷಿಗೆ ನಿಮ್ಮನ್ನು ಮಾತಾಡಿಸಿದೆ — ಎಂದು ಈ ಕಾಗದದಲ್ಲಿ ಮೊದಲು ಬರೆದಿದ್ದೆ. ಆಮೇಲೆ ಅದನ್ನು ಹೊಡೆದುಹಾಕಿದೆ. ಖುಷಿಯೂ ಆಗಿತ್ತು, ಅದು ಸುಳ್ಳಲ್ಲ. ಆದರೆ ಅದೇ ಗಳಿಗೆಯಲ್ಲಿ ನನಗೆ ಹೊಳೆದದ್ದು ಇನ್ನೊಂದು: ಯಾರಿಗೂ ತೆರೆಯದ ಬಾಗಿಲು ನನಗೆ ತೆರೆಯುತ್ತದೆ. ಎರಡೂ ಒಟ್ಟಿಗೇ ಬಂದವು. ಯಾವುದು ಮೊದಲು ಬಂತು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಯಾವೂರಿನವರು ಎಂದು ಕೇಳಿದೆ. ಗುಳೇದಗುಡ್ಡ ಎಂದಿರಿ. ನಾನು ಹುಬ್ಬಳ್ಳಿಯವಳು, ಸುಧಾ ಅಂತ, ಈ ಬೀದಿಯಲ್ಲಿ ಬಾಡಿಗೆ ಮನೆ ನೋಡಲು ಬಂದಿದ್ದೆ ಎಂದೆ. ಅದು ಮೊದಲನೆಯ ಸುಳ್ಳು. ಎಷ್ಟು ಸಲೀಸಾಗಿ ಬಂತು ಅಂತೀರಿ! ನೀವು ಪೊರಕೆ ಅಲ್ಲೇ ಬಿಸಾಕಿ, ಬಿಸಿಲಲ್ಲಿ ಯಾಕೆ ನಿಂತಿರಿ, ಒಳಗೆ ಬರ್ರಿ ಎಂದು ನನ್ನ ತೋಳು ಹಿಡಿದುಕೊಂಡಿರಿ. ಗ್ಯಾರೇಜಿನ ಹಿಂದೆ ಬ್ಯಾಂಕಿನ ಹರಾಜಿನ ಬೋರ್ಡು ಕಿತ್ತು ಮಗುಚಿ ಹಾಕಿದ್ದು ಕಂಡಿತು. ಕಾಣದವಳ ಹಾಗೆ ದಾಟಿದೆ.

ಮನೆಗೆ ಹೊಸಬರು ಬಂದರೆ ಮನೆಯನ್ನೆಲ್ಲ ತೋರಿಸುವುದು ನಮ್ಮ ಜನರ ಪದ್ಧತಿ. ನೀವು ಕೋಣೆ ಕೋಣೆಗೆ ಕರೆದುಕೊಂಡು ಹೋದಿರಿ. ನೀವು ದೇವರ ಜಗಲಿಯ ಮೇಲಿನ ಫೋಟೊ ತೋರಿಸುತ್ತಿದ್ದಿರಿ, ನಾನು ಕಿಟಕಿಯ ಕೆಳಗಿನ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದೆ. ಕೊನೆಯ ಕೋಣೆಯಲ್ಲಿ ಹಾಸಿಗೆ ಖಾಲಿಯಿತ್ತು. ಮಗಳು ಮೇಘಾ ಅಲ್ಲಿ ಮಲಗುವುದಿಲ್ಲ, ಆ ಗೋಡೆಯ ಹಿಂದೆ ಬಚ್ಚಲು, ಅಲ್ಲೇ ಕೊಳೆತಿರಬೇಕು, ಹುಡುಗಿಯ ಉಸಿರಿಗೆ ಒಳ್ಳೆಯದಲ್ಲವೆಂದು ಹಾಲ್‌ನಲ್ಲಿ ಮಲಗಿಸುತ್ತೇನೆ ಎಂದಿರಿ. ಮೇಘಾ ಸೋಫಾದ ಮೇಲಿಂದ ತಲೆಯೆತ್ತಿ ಹಾಯ್ ಆಂಟಿ ಎಂದು ಮತ್ತೆ ಪುಸ್ತಕಕ್ಕೆ ಇಳಿದಳು.

ಆಮೇಲೆ ಚಹಾಕ್ಕೆ ಇಟ್ಟು ಎಲ್ಲ ಹೇಳಿಕೊಂಡಿರಿ. ನಾನು ಏನೂ ಕೇಳಿರಲಿಲ್ಲ. ಕನ್ನಡದಲ್ಲಿ ಹೇಳಿಕೊಳ್ಳಲು ನಿಮಗೆ ಒಬ್ಬರು ಬೇಕಾಗಿತ್ತು ಅಷ್ಟೇ. ನಿಮ್ಮ ಯಜಮಾನರು ಬಸವರಾಜಣ್ಣ ಪ್ಯಾಕಿಂಗ್ ವ್ಯಾಪಾರಕ್ಕೆಂದು ಮನೆಯ ಮೇಲೆ ಸಾಲ ಎತ್ತಿದ್ದು, ವ್ಯಾಪಾರ ಮುಳುಗಿದ್ದು, ಅವರು ಕೆಲಸ ಹುಡುಕಿಕೊಂಡು ಬ್ರಿಸ್ಬೇನ್‌ಗೆ ಹೋಗಿದ್ದು, ವೃದ್ಧಾಶ್ರಮದ ನಿಮ್ಮ ನರ್ಸ್ ಸಂಬಳದಲ್ಲಿ ಕಂತು ಹರಿಯದೆ ಹೋಗಿದ್ದು. ಅದೆಲ್ಲದಕ್ಕಿಂತ ನಿಮಗೆ ಸಿಟ್ಟು ಬಂದಿದ್ದ ವಿಷಯ ಬೇರೆ. ಮನೆ ಕೊಳ್ಳುವಾಗ ಅವರು ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಪಕ್ಕದ ಮನೆಗಳಿಗೆ ಪ್ಲಾಸ್ಟಿಕ್ ಸುತ್ತಿದ ಮೇಲೆ ನೀವು ಕೇಳಿದರೆ, ನಮ್ಮದು ಆಮೇಲೆ ಕಟ್ಟಿದ್ದು, ಗಾರೆಯ ಹಿಂದೆ ಗಾಳಿ ಆಡಲು ಸಂದು ಬಿಟ್ಟಿದ್ದಾರೆ, ನಮ್ಮ ಮನೆ ಗಟ್ಟಿ ಇದೆ ಎಂದು ಅಡ್ಡಗೋಡೆಯ ಮೇಲೆ ಕೈಬಡಿದು ಹೇಳಿದ್ದರಂತೆ. ನೀವು ನಂಬಲಿಲ್ಲ. ವ್ಯಾಪಾರದ ವಿಷಯದಲ್ಲೂ ಹೀಗೇ ಕೈಬಡಿದು ಹೇಳಿದ್ದರು ಎಂದಿರಿ.

ನಾನು ಬಚ್ಚಲಿಗೆ ಹೋಗಿ ಬರುತ್ತೇನೆ ಎಂದು ಎದ್ದೆ. ಚೀಲ ತೆಗೆದುಕೊಂಡೇ ಎದ್ದೆ.

ಚೀಲದಲ್ಲಿ ತೇವ ಅಳೆಯುವ ಮೀಟರ್ ಇತ್ತು. ಅಂಗೈಯಗಲದ ಯಂತ್ರ, ಗೋಡೆಗೆ ಒತ್ತಿ ಹಿಡಿದರೆ ಹಿಂದಿನ ಕಟ್ಟಿಗೆ ಒದ್ದೆಯೋ ಒಣವೋ ಹೇಳುತ್ತದೆ. ಅದರ ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟೆ. ಶವರಿನ ಸುತ್ತ, ಕಿಟಕಿಯ ನಾಲ್ಕು ಮೂಲೆ, ನೆಲದಂಚಿನ ಪಟ್ಟಿ. ಬರುವಾಗ ಮೇಘಾಳ ಖಾಲಿ ಕೋಣೆಯಲ್ಲೂ ಒತ್ತಿ ನೋಡಿದೆ. ಹದಿನಾರು ಕಡೆ. ಒಂದು ಕಡೆಯೂ ತೇವವಿಲ್ಲ. ಅಲ್ಲಿನ ಹಾಸಿಗೆಯ ಮೇಲೆ ಮೊಣಕಾಲೂರಿ ಕಿಟಕಿಯ ಹೊರಗೆ ಬಗ್ಗಿ ನೋಡಿದೆ. ಗಾರೆಯ ಕೆಳ ಅಂಚಿನಲ್ಲಿ ಬಸವರಾಜಣ್ಣ ಹೇಳಿದ ಸಂದು ಕಾಣುತ್ತಿತ್ತು. ಆ ಮನುಷ್ಯ ಹೇಳಿದ್ದು ಅಕ್ಷರಕ್ಷರ ನಿಜ. ಪಕ್ಕದ ಮನೆಗಳಿಗೂ ಇದಕ್ಕೂ ಬಣ್ಣ ಬಿಟ್ಟರೆ ಸಂಬಂಧವೇ ಇರಲಿಲ್ಲ. ಗೋಡೆಗೆ ಹಣೆ ಆನಿಸಿ ನಿಂತುಕೊಂಡೆ. ಸಂತೋಷಕ್ಕೆ, ಗಿರಿಜಕ್ಕ. ನಿಮ್ಮ ಮನೆ ಚೆನ್ನಾಗಿದೆ ಎಂಬ ಸಂತೋಷಕ್ಕಲ್ಲ.

ವಾಪಸ್ಸು ಬಂದಾಗ ನೀವು ಬಾಗಿಲಲ್ಲಿ ಬಿಟ್ಟಿದ್ದ ನನ್ನ ಬೂಟು ನೋಡಿ, ಏನು ಕೆಲಸ ಎಂದು ಕೇಳಿದಿರಿ. ಕಟ್ಟಡದ ಇಂಜಿನಿಯರ್ ಎಂದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಬರೀ ಕಳ್ಳಿಯಾಗಿ ಉಳಿಯುತ್ತಿದ್ದೆ. ಆದರೆ ನೀವು ಚಹಾದ ಕಪ್ಪು ಕೆಳಗಿಟ್ಟು ಕೇಳಿದಿರಿ —

“ದೇವ್ರು ಕಳಿಸಿದಂಗ ಬಂದೀರಿ. ನೀವು ಇದನ್ನ ಕಲತವ್ರು, ಖರೇ ಹೇಳ್ರಿ. ಈ ಮನಿ ಒಳಗ ಕೊಳತೈತೇನು? ಏಜೆಂಟ ದಿನಾ ಫೋನ್ ಮಾಡ್ತಾನ, ಮಂದಿಗೆ ಒಳಗ ತೋರ್ಸ್ರಿ, ರೇಟ್ ಬರ್ತೈತಿ ಅಂತ. ಬಾಗಲಾ ತಗೀಲ್ಯಾ, ಬ್ಯಾಡಾ?”

ಬಾಗಿಲು ತೆರೆದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಬಂದವರು ನನ್ನಂಥವರನ್ನು ಕರೆತರುತ್ತಿದ್ದರು, ಮೀಟರ್ ಇಡುತ್ತಿದ್ದರು, ಗೋಡೆ ಒಣಗಿದೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಬ್ಯಾಂಕು ತನ್ನದನ್ನು ತೆಗೆದುಕೊಂಡ ಮೇಲೂ ನಿಮಗೆ ಒಂದು ಸಣ್ಣ ಮನೆ ಹಿಡಿಯುವಷ್ಟು ಉಳಿಯುತ್ತಿತ್ತು. ಮತ್ತು ಆ ಮನೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಇದಿಷ್ಟನ್ನೂ ಆ ಒಂದು ಗಳಿಗೆಯಲ್ಲಿ ಯೋಚಿಸಿದೆ. ಗಡಿಬಿಡಿಯಲ್ಲಿ ಬಾಯಿ ತಪ್ಪಿತು ಎಂದು ಹೇಳಲು ನನಗೆ ಬರುವುದಿಲ್ಲ.

“ಇಂಥಾ ಮನಿ ಒಳಗ ಕೊಳತೇ ಇರ್ತಾವ್ರಿ ಅಕ್ಕಾರ,” ಎಂದೆ. “ತಗೀಬ್ಯಾಡ್ರಿ. ನೋಡಿದ್ರ ಯಾರೂ ಕೂಗಂಗಿಲ್ಲ.”

ನೀವು ತಲೆಯಾಡಿಸಿದಿರಿ. ಅಳುತ್ತೀರಿ ಎಂದುಕೊಂಡೆ, ಅಳಲಿಲ್ಲ. ಖರೇ ಹೇಳಿದಿರಿ, ಪುಣ್ಯ ಬರಲಿ ಎಂದಿರಿ.

ಇಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಹೊರಡುವಾಗ ನೀವು ತಡೆದಿರಿ. ಮುತ್ತೈದೆ ಮೊದಲ ಸಲ ಮನೆಗೆ ಬಂದವಳು, ಬರಿಗೈಯಲ್ಲಿ ಹೋಗಬಾರದು, ಉಡಿ ತುಂಬುತ್ತೇನೆ ಎಂದಿರಿ. ನನ್ನ ಮೈಮೇಲೆ ಸೆರಗಿಲ್ಲ, ಕೆಲಸದ ಪ್ಯಾಂಟು. ನೀವು ನಗುತ್ತ ನಿಮ್ಮ ದುಪಟ್ಟಾ ತಂದು ನನ್ನ ಹೆಗಲಿಗೆ ಹಾಕಿ, ಅದರ ತುದಿಯನ್ನೇ ಉಡಿ ಮಾಡಿ ಹಿಡಿಯಲು ಹೇಳಿದಿರಿ. ಅಕ್ಕಿ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ನಿಮ್ಮೂರಿನ ಖಣ — ಕೆಂಪು ಅಂಚಿನದು, ತವರಿನಿಂದ ತಂದು ಇಟ್ಟುಕೊಂಡಿದ್ದು ಎಂದಿರಿ. ನಿನಗೂ ಬೇಗ ಒಂದು ಮನೆಯಾಗಲಿ ತಂಗಿ ಎಂದು ಹಣೆಗೆ ಕುಂಕುಮ ಇಟ್ಟಿರಿ.

ಉಡಿ ತುಂಬಿಸಿಕೊಂಡವಳು ಅದರಿಂದ ಒಂದು ಹಿಡಿ ಅಕ್ಕಿಯನ್ನು ತಿರುಗಿ ಆ ಮನೆಯ ತಟ್ಟೆಗೆ ಹಾಕಬೇಕು. ನಮ್ಮವ್ವ ಇದನ್ನು ನನಗೆ ಕಿವಿ ಹಿಂಡಿ ಕಲಿಸಿದ್ದಳು. ಇದ್ದದ್ದನ್ನೆಲ್ಲ ಬಳಿದುಕೊಂಡು ಬರಬಾರದು, ಕೊಟ್ಟ ಮನೆಯಲ್ಲಿ ಒಂದಿಷ್ಟು ಉಳಿಯಬೇಕು ಎನ್ನುತ್ತಿದ್ದಳು. ಆ ದಿನ ನಾನು ಹಾಕಲಿಲ್ಲ. ಒಂದು ಕೈಯಲ್ಲಿ ಉಡಿ, ಇನ್ನೊಂದು ಕೈಯಲ್ಲಿ ಮೀಟರ್ ಇದ್ದ ಚೀಲ. ಚೀಲ ಕೆಳಗಿಡಲು ಹೆದರಿದೆ. ನೀವು ತಟ್ಟೆ ಹಿಡಿದು ಒಂದು ಗಳಿಗೆ ಕಾದಿರಿ. ಈಗಿನ ಹುಡುಗಿಯರಿಗೆ ಇದೆಲ್ಲ ಎಲ್ಲಿ ಗೊತ್ತು ಎಂದುಕೊಂಡಿರಬೇಕು, ತಟ್ಟೆಯನ್ನು ಒಳಗಿಟ್ಟಿರಿ. ನನಗೆ ಗೊತ್ತಿತ್ತು ಗಿರಿಜಕ್ಕ.

ಮನೆಗೆ ಹೋಗಿ ಪ್ರಕಾಶನಿಗೆ ಗೋಡೆ ಒಣಗಿದೆ ಎಂದಷ್ಟೇ ಹೇಳಿದೆ. ಅವನು ಎದ್ದು ಕುಣಿದಾಡಿದ. ನೀವು ಕೇಳಿದ್ದನ್ನು, ನಾನು ಹೇಳಿದ್ದನ್ನು ಹೇಳಲಿಲ್ಲ. ಹರಾಜಿನ ದಿನ ನನಗೆ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅಲ್ಲಿ ನೀವು ಬಂದು ಕೂತಿದ್ದರೆ? ಕಾರಿನಲ್ಲೇ ಕೂತೆ. ಪ್ರಕಾಶ ಹೋದ ಅರ್ಧ ಗಂಟೆಯಲ್ಲಿ ನಗುತ್ತ ಬಂದ. ಕೂಗಿದವರು ಮೂರೇ ಜನವಂತೆ. ಪಕ್ಕದಲ್ಲಿ ಕೂತವನೊಬ್ಬ ಇವನ ಮೇಲೆ ಕನಿಕರಪಟ್ಟು, ಅದು ಲೀಕಿ ಹೋಮ್ ಮಾರಾಯ, ಸುಮ್ಮನೆ ಸಿಕ್ಕಿಬೀಳಬೇಡ ಎಂದು ಎಚ್ಚರಿಸಿದನಂತೆ. ಇವನು ಬೇಕೆಂದೇ ಮುಖ ಸಪ್ಪೆ ಮಾಡಿಕೊಂಡಿದ್ದನಂತೆ. ಬ್ಯಾಂಕಿನ ಸಾಲಕ್ಕೆ ಸರಿಯಾಗಿ ಮನೆ ಹೋಯಿತು. ನಿಮಗೆ ಏನೂ ಉಳಿಯಲಿಲ್ಲ.

ಖಾಲಿ ಮಾಡಿಸುವ ನೋಟಿಸು ನಮ್ಮ ವಕೀಲರಿಂದ ಹೋಯಿತು. ನೀವು ಜಗಳವಾಡಲಿಲ್ಲ, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಹೋಗಿದ್ದಿರಿ. ಇಂಥ ಮನೆಗಳನ್ನು ಬಿಟ್ಟುಹೋಗುವವರು ಸಿಟ್ಟಿಗೆ ಗೋಡೆಗೆ ತೂತು ಹೊಡೆದು, ನಲ್ಲಿ ಕಿತ್ತುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವು ನೆಲ ಒರೆಸಿದ್ದಿರಿ. ಹೊಸ್ತಿಲಿಗೆ ರಂಗೋಲಿ ಹಾಕಿದ್ದಿರಿ. ಅಡುಗೆಮನೆಯ ಕಟ್ಟೆಯ ಮೇಲೆ ಬೀಗದ ಕೈಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಇತ್ತು. ಬಚ್ಚಲಿನ ಹಿಂದಿನ ಗೋಡೆ ಒಳಗೆ ಕೊಳೆತಿದೆ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ದಯವಿಟ್ಟು ನೋಡಿಸಿಕೊಳ್ಳಿ, ಮಕ್ಕಳಿದ್ದರೆ ಕೊನೆಯ ಕೋಣೆಯಲ್ಲಿ ಮಲಗಿಸಬೇಡಿ ಎಂದು ಬರೆದಿದ್ದಿರಿ. ಕೆಳಗೆ, ಕ್ಷಮಿಸಿ ಎಂದು.

ನಾನು ಆ ಚೀಟಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪ್ರಕಾಶ ಓದಿ, ಪಾಪ, ಒಳ್ಳೆ ಹೆಂಗಸು ಎಂದ.

ಅದೇ ದಿನ ನಿಮ್ಮನ್ನು ಹುಡುಕಿ ಹೇಳಬಹುದಿತ್ತು. ಒಂದು ಫೋನ್ ಸಾಕಿತ್ತು, ಕನ್ನಡದವರಲ್ಲಿ ನಾಲ್ಕು ಜನರನ್ನು ಕೇಳಿದ್ದರೆ ನಂಬರು ಸಿಗುತ್ತಿತ್ತು. ಹೇಳಲಿಲ್ಲ. ಗೃಹಪ್ರವೇಶ ಮಾಡಿದೆವು. ನಿಮ್ಮ ಪರಿಚಯದವರು ಯಾರೂ ಬರಬಾರದೆಂದು ಬರೀ ಆಫೀಸಿನವರನ್ನು ಕರೆದೆ. ಎರಡನೆಯ ವರ್ಷ ಬಚ್ಚಲು ಹೊಸದು ಮಾಡಿಸುವಾಗ ಗೋಡೆ ಬಿಚ್ಚಿದರು. ಒಳಗಿನ ಕಟ್ಟಿಗೆ ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು. ಬಡಗಿ ಖುಷಿಯಿಂದ ನನ್ನನ್ನು ಕರೆದು ತೋರಿಸಿದ. ನೋಡಲಾರದೆ ಹೊರಗೆ ಹೋಗಿ ನಿಂತೆ.

ಈಗ ಪೊರಿರುವಾ. ಪ್ರಕಾಶನ ಗೆಳೆಯನ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆವು. ಸಾಲಾಗಿ ಕೂತ ಹೆಂಗಸರಿಗೆ ಉಡಿ ತುಂಬುತ್ತಿದ್ದ ಹಿರಿಯರು ನೀವು ಎಂದು ನನ್ನ ಸರದಿ ಬರುವವರೆಗೂ ಗೊತ್ತಾಗಲಿಲ್ಲ. ನಿಮಗೆ ಕೂಡಲೇ ಗುರುತು ಸಿಕ್ಕಿತು. ಬೂಟಿನ ಸುಧಾ ಎಂದು ನಕ್ಕಿರಿ. ಅಲ್ಲಿನ ಆಸ್ಪತ್ರೆಯಲ್ಲೇ ಈಗ ಕೆಲಸ, ಮೇಘಾ ಶಾಲೆ ಬದಲಾಯಿಸಿದ ವರ್ಷ ತುಂಬಾ ಕಷ್ಟಪಟ್ಟಳು, ಈಗ ಪರವಾಗಿಲ್ಲ, ಇನ್ನೂ ಬಾಡಿಗೆ ಮನೆಯೇ ಎಂದಿರಿ. ಬಸವರಾಜಣ್ಣನ ಬಗ್ಗೆ ಕೇಳಬಾರದಿತ್ತು, ಕೇಳಿಬಿಟ್ಟೆ. ಆಗ ನೀವು ನನ್ನ ಕೈ ಹಿಡಿದುಕೊಂಡಿರಿ.

“ಅವ್ರು ಅಲ್ಲೇ ಅದಾರ. ಪ್ರತಿ ಯುಗಾದಿಗೆ ಫೋನ್ ಮಾಡ್ತಾರ, ನಾ ಎತ್ತಂಗಿಲ್ಲ. ವ್ಯಾಪಾರ ಮುಳುಗಿದ್ದಕ್ಕಲ್ಲ ತಂಗಿ. ಕೊಳತ ಮನ್ಯಾಗ ಮಗಳನ್ನ ಮಲಗ್ಸಿ, ಮನಿ ಗಟ್ಟಿ ಐತಿ ಅಂತ ಕಡೀತನಾ ಸುಳ್ಳ ಹೇಳಿದ್ರಲ್ಲ, ಅದಕ್ಕ. ಆವತ್ತ ನೀ ಒಬ್ಬಾಕಿ ನಂಗ ಖರೇ ಹೇಳಿದಿ.”

ನೀವು ನನ್ನ ಸೆರಗಿಗೆ ಅಕ್ಕಿ ಹಾಕಿದಿರಿ. ನಾನು ಒಂದು ಹಿಡಿ ತಿರುಗಿ ತಟ್ಟೆಗೆ ಹಾಕಿದೆ. ಇನ್ನೊಂದು ಹಿಡಿ. ಆಮೇಲೆ ಸೆರಗನ್ನೇ ತಟ್ಟೆಯ ಮೇಲೆ ಕೊಡವಿಬಿಟ್ಟೆ. ಎಲ್ಲ ತಿರುಗಿ ಕೊಟ್ಟರೆ ಹೇಗೆ ಹುಚ್ಚಿ ಎಂದು ನೀವು ನಗುತ್ತಿದ್ದಿರಿ, ಸುತ್ತಲಿನವರೂ ನಗುತ್ತಿದ್ದರು. ನಿಜ ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟು ಜನರ ಮುಂದೆ — ಇಲ್ಲ, ಜನರಿಗಾಗಿ ಅಲ್ಲ. ನಿಮ್ಮ ಕೈ ನನ್ನ ಕೈಯಿಂದ ಬಿಟ್ಟುಹೋಗುವುದನ್ನು ನೋಡಲು ಹೆದರಿದೆ.

ಇದೆಲ್ಲವನ್ನೂ ನಿನ್ನೆ ಪ್ರಕಾಶನಿಗೆ ಹೇಳಿದೆ. ಕಾನೂನಿನ ಪ್ರಕಾರ ನಾವು ತಪ್ಪು ಮಾಡಿಲ್ಲ ಎಂದ. ಇರಬಹುದು. ಆ ಮನೆ ಬಾಗಿಲು ತೆರೆದು ಮಾರಿದ್ದರೆ ನಿಮಗೆ ಉಳಿಯಬೇಕಾಗಿದ್ದುದು ನಿಮ್ಮದು, ಅದನ್ನು ಹೇಗೆ ಕೊಡಬೇಕೆಂದು ವಕೀಲರನ್ನು ಕೇಳಿದ್ದೇನೆ. ಅದಕ್ಕೆ ನಮ್ಮ ಮನೆ ಮಾರಬೇಕಾಗಿ ಬಂದರೆ ಮಾರುತ್ತೇವೆ. ಪ್ರಕಾಶ ಇನ್ನೂ ಹೂಂ ಎಂದಿಲ್ಲ, ಎನ್ನಿಸದೆ ನಾನು ಬಿಡುವುದಿಲ್ಲ. ಆದರೆ ಈ ಕಾಗದ ಅದಕ್ಕಾಗಿ ಕಾಯುವುದು ಬೇಡ. ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ತಂದು ನಿಮ್ಮ ಕೈಗೆ ಕೊಟ್ಟು ಹೊರಗೆ ನಿಲ್ಲುತ್ತೇನೆ. ಒಳಗೆ ಕರೆಯಬೇಡಿ.

ಇದರ ಜೊತೆ ಒಂದು ಹಾಳೆ ಇದೆ. ಆ ಶನಿವಾರ ನಿಮ್ಮ ಮನೆಯಿಂದ ಹೊರಟು, ಕಾರಿನಲ್ಲಿ ಕೂತು, ನೆನಪಿದ್ದಂತೆ ಬರೆದುಕೊಂಡ ಹದಿನಾರು ಜಾಗಗಳ ಅಳತೆ. ಮೇಲೆ ತಾರೀಕಿದೆ. ಎಲ್ಲದರ ಮುಂದೆಯೂ ನನ್ನ ಕೈಬರಹದಲ್ಲಿ ಒಣ, ಒಣ, ಒಣ ಎಂದಿದೆ. ಮೇಘಾಳ ಕೋಣೆಯೂ ಅದರಲ್ಲಿದೆ. ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಮೊದಲು ಆ ಹಾಳೆ ನೋಡಿ, ಬ್ರಿಸ್ಬೇನ್‌ಗೆ ಒಂದು ಫೋನ್ ಮಾಡಿ ಗಿರಿಜಕ್ಕ. ಅವರು ನಿಮಗೆ ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಾನು.